ಬಿ12: ಯಾವ ಪರೀಕ್ಷೆ ಮಾಡಿಸಲಿ?

ಅಡಿಕೆ ಸುಲಿಯುವಾಗ ಬೆರಳು ಜೋಮು ಹಿಡಿದರೆ ನಮ್ಮ ತೀರ್ಥಹಳ್ಳಿ ಕಡೆ "ಕೂತು ಕೂತು ಹಾಗಾಯ್ತು" ಅಂತ ಸುಮ್ಮನಾಗುತ್ತೇವೆ. ಅದು ಬಿ12 ಕೊರತೆಯೂ ಇರಬಹುದು, ಅಲ್ವಾ? ನರಕ್ಕೂ ರಕ್ತಕ್ಕೂ ಈ ವಿಟಮಿನ್ ಬೇಕೇ ಬೇಕು. ಸೊಪ್ಪು, ಕಳಲೆಯಲ್ಲಿ ಇದು ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿ ಸಿಗುತ್ತದೆ.

ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ, ಅಗ್ಗ. ಕೊರತೆಯಿದ್ದರೆ ಕೆಂಪು ರಕ್ತಕಣ ದೊಡ್ಡದಾಗಿ ಎಂಸಿವಿ (ಆ ಕಣಗಳ ಸರಾಸರಿ ಗಾತ್ರ) 100 ದಾಟಬಹುದು. ಆದರೆ ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಎಂಸಿವಿ ಸರಿಯಾಗಿಯೇ ಕಾಣಬಹುದು. ಇದೊಂದನ್ನೇ ನಂಬಬೇಡಿ.

ಸೀರಮ್ ಬಿ12 ಅಂದರೆ ರಕ್ತದಲ್ಲಿರುವ ಬಿ12 ಅನ್ನೇ ಅಳೆಯುವ ನೇರ ಪರೀಕ್ಷೆ. ನನ್ನ ಮೊದಲ ಆಯ್ಕೆ ಇದೇ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಬಂದರೆ ಗೊಂದಲ. ಬಿ12 ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡಿ. ಆಮೇಲೆ ಕೊಟ್ಟರೆ ಅಂಕಿ ಮೇಲೇರಿರುತ್ತದೆ.

ಗೊಂದಲವಾದಾಗ ಎಂಎಂಎ, ಅಂದರೆ ಮಿಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ. ಜೀವಕೋಶಕ್ಕೆ ಬಿ12 ಸಾಲದಿದ್ದರೆ ಈ ಆಮ್ಲ ಏರುತ್ತದೆ. ಪರೀಕ್ಷೆ ದುಬಾರಿ, ಕಿಡ್ನಿ ತೊಂದರೆಯಲ್ಲೂ ಆಮ್ಲ ಏರುತ್ತದೆ. ಎಲ್ಲರಿಗೂ ಬೇಕಿಲ್ಲ.

ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೀರಾ? ಅದರಿಂದ ಬಿ12 ಕಡಿಮೆಯಾಗಬಹುದು, ಜೋಮು ಬರಲಿ ಅಂತ ಕಾಯಬೇಡಿ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗಲೇ ಡಾಕ್ಟರನ್ನು ಕೇಳಿ ಸೀರಮ್ ಬಿ12 ಮಾಡಿಸಿ.