ಕೆಳಗಿನ ಖೋಲಿಯ ಮೋಟರೋ, ಬಾವಿಯೊಳಗಿನ ಪಂಪೋ? ಎರಡನ್ನೂ ಇಟ್ಟು ನೋಡಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾವಿಯೊಳಗೆ ಮುಳುಗಿ ಕೂರುವ ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ. ಮೂರು ವರ್ಷದಲ್ಲಿ ಎರಡು ಸಲ ಮೊನೊಬ್ಲಾಕ್ (ನೀರಿನ ಹೊರಗೆ ಕೂರುವ, ಮೋಟರೂ ಪಂಪೂ ಒಂದೇ ಆಗಿರುವ) ಮೋಟರಿಗೆ ರಿವೈಂಡಿಂಗ್, ಅಂದರೆ ಸುಟ್ಟ ತಂತಿ ತೆಗೆದು ಹೊಸದಾಗಿ ಸುತ್ತಿಸೋದು, ಮಾಡಿಸಿದವನು ಬೇರೇನು ಹೇಳಿಯಾನು?

ನಮ್ಮದು ಧಾರವಾಡದ ಹಳೇ ಮನೆ. ಹಿತ್ತಲಲ್ಲಿ 40 ಅಡಿ ಬಾವಿ ಇದೆ, ನಳಕ್ಕೆ ನೀರು ಬಾರದ ದಿನ ಅದೇ ಗತಿ. ಹಳೇ ಮೊನೊಬ್ಲಾಕ್ ಇದ್ದದ್ದು ಅಂಗಳಕ್ಕಿಂತ 8 ಅಡಿ ಕೆಳಗಿನ ಒಂದು ಖೋಲಿಯಲ್ಲಿ. ಜಾಗ ಉಳಿಸೋಕೆ ಅಲ್ಲಿಟ್ಟಿದ್ದಾರೆ ಅಂದುಕೊಂಡಿದ್ದೆ. ಕಾರಣ ಬೇರೆ ಇತ್ತು. ಈ ಪಂಪು ನೀರನ್ನು ಹೀರಿ ಎಳೆಯುತ್ತದೆ, ಹೀರುವುದಕ್ಕೆ ಒಂದು ಮಿತಿ ಇದೆ. ಲೆಕ್ಕದಲ್ಲಿ 10 ಮೀಟರ್, ನಿಜದಲ್ಲಿ 7 ಸಿಕ್ಕರೆ ಪುಣ್ಯ. ಅದರಲ್ಲೂ ಧಾರವಾಡ ಸಮುದ್ರ ಮಟ್ಟಕ್ಕಿಂತ 700 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಇನ್ನೊಂದು ಮುಕ್ಕಾಲು ಮೀಟರ್ ಕಳೆದುಕೊಳ್ಳಬೇಕು. ಪಂಪನ್ನು 8 ಅಡಿ ಕೆಳಗಿಳಿಸಿದರೆ ನೀರಿಗೆ ಅಷ್ಟು ಹತ್ತಿರ. ಹಿರಿಯರ ಲೆಕ್ಕ ಸರಿಯಾಗಿಯೇ ಇತ್ತು, ಖೋಲಿಗೆ ಗಾಳಿ ಬಿಡೋದನ್ನು ಮಾತ್ರ ಮರೆತಿದ್ದರು.

ಮೊದಲ ಸಲ ಸುಟ್ಟಿದ್ದು ಏಪ್ರಿಲ್‌ನಲ್ಲಿ. ಮೋಟರ್ ಬಿಚ್ಚಿದ ಮಿಸ್ತ್ರಿ ಅಂದ, "ಇದು ಮೋಟರಿನ ತಪ್ಪಲ್ರೀ ಸರ, ಖೋಲಿದ ತಪ್ಪು." ಮೋಟರ್ ಎಳೆಯುವ ಕರೆಂಟಿನಲ್ಲಿ ಒಂದು ಪಾಲು ಕಾವಾಗಿಯೇ ಹೋಗುತ್ತದೆ, ಮುಚ್ಚಿದ ಖೋಲಿಯಲ್ಲಿ ಅದರ ಹಿಂದಿನ ಫ್ಯಾನು ಅದೇ ಬಿಸಿ ಗಾಳಿಯನ್ನು ಮತ್ತೆ ಮತ್ತೆ ತಿರುಗಿಸುತ್ತಿರುತ್ತದೆ. ಸರಿ, ಬೆಳಕಿಂಡಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಸದ್ದು ಜೋರು, ಸೆಕೆ ಮಾತ್ರ ಹಾಗೇ. ಒಂದಿನ ಊದಿನಕಡ್ಡಿ ಹಚ್ಚಿಕೊಂಡು ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ಹೊಗೆ ನೇರ ಮೇಲಕ್ಕೆ ಹೋಗುತ್ತಿತ್ತು. ಬಾಗಿಲು ನಾಲ್ಕು ಬೆರಳು ತೆಗೆದೆ, ಹೊಗೆ ಸರ್ರನೆ ಬಾಗಿ ಫ್ಯಾನಿನ ಕಡೆ ಓಡಿತು. ಒಳಗೆ ಬರೋಕೆ ದಾರಿಯೇ ಇಲ್ಲದಿದ್ದರೆ ಗಾಳಿ ಹೊರಗೆ ಹೋಗೋದಾದರೂ ಹೇಗೆ, ಅಲ್ವಾ? ಬಾಗಿಲ ಕೆಳಭಾಗ ಕೊಯ್ಸಿ ಜಾಳಿ ಹಾಕಿಸಿದೆ, ಬೇಸಿಗೆ ದಾಟಿತು.

ಮಳೆಗಾಲದಲ್ಲಿ ಅದೇ ಫ್ಯಾನು ಕೈಕೊಟ್ಟಿತು. ಹಸಿ ಹೋಗಲಿ ಅಂತ ಜುಲೈ ಪೂರ್ತಿ ಹಗಲೂ ರಾತ್ರಿ ಹಾಕಿಟ್ಟೆ, ಗೋಡೆ ಇನ್ನೂ ಜಾಸ್ತಿ ಒದ್ದೆಯಾಯಿತು. ಜಿಟಿಜಿಟಿ ಮಳೆಯ ಹಸಿ ಗಾಳಿಯನ್ನೇ ಫ್ಯಾನು ಒಳಗೆ ಎಳೀತಿತ್ತು, ಅದು ತಣ್ಣನೆಯ ಪೈಪಿಗೂ ಗೋಡೆಗೂ ತಾಗಿ ಹನಿಯಾಗಿ ಇಳೀತಿತ್ತು. ಪೈಪಿನ ಹನಿ ಸರಿಯಾಗಿ ಮೋಟರಿನ ವೈರ್ ಡಬ್ಬಿಯ ಮೇಲೆ! ಆಗಸ್ಟ್‌ನಲ್ಲಿ ಎರಡನೇ ರಿವೈಂಡಿಂಗ್. ಆಮೇಲೆ ಫ್ಯಾನನ್ನು ಪಂಪು ಓಡುವಾಗ ಮತ್ತು ನಿಂತ ಮೇಲೆ ಸ್ವಲ್ಪ ಹೊತ್ತು ಮಾತ್ರ ಹಾಕತೊಡಗಿದೆ, ಆದರೆ ಅಷ್ಟೊತ್ತಿಗೆ ನನ್ನ ತಲೆ ಕೆಟ್ಟಿತ್ತು.

ಸಬ್‌ಮರ್ಸಿಬಲ್‌ಗೆ ಈ ರಗಳೆ ಇಲ್ಲ. ಸುತ್ತಲಿನ ನೀರೇ ಅದನ್ನು ತಣ್ಣಗಿಡುತ್ತದೆ. ಹೀರೋದಿಲ್ಲ, ಕೆಳಗಿನಿಂದ ದೂಡುತ್ತದೆ, ಹಾಗಾಗಿ ಆ 7 ಮೀಟರಿನ ಗೊಡವೆ ಇಲ್ಲ. ಹೀರುವ ಪೈಪಿನಲ್ಲಿ ಏರ್ ಹಿಡಿಯಿತು ಅಂತ ಪಂಪಿಗೆ ಚೊಂಬಿನಲ್ಲಿ ನೀರು ಹೊಯ್ಯೋದೂ ತಪ್ಪಿತು. ಸದ್ದಂತೂ ಕೇಳೋದೇ ಇಲ್ಲ.

ರಿಪೇರಿಯಲ್ಲಿ ಮಾತ್ರ ಮೊನೊಬ್ಲಾಕ್ ಗೆಲ್ಲುತ್ತದೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಸಬ್‌ಮರ್ಸಿಬಲ್ಲನ್ನು ಬಾವಿಯಿಂದ ಎತ್ತೋಕೆ ಇಬ್ಬರು ಆಳು ಬೇಕು, ಅದೂ ನೈಲಾನ್ ಹಗ್ಗ ಹಿಡಿದು, ಕೇಬಲ್ ಹಿಡಿದು ಎಳೆಯೋಹಾಗಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಪಂಪು ಒಣಗಿ ಓಡಿದರೆ ಕತೆ ಮುಗೀತು, ನೀರಿಲ್ಲದಾಗ ತಾನೇ ಪಂಪು ನಿಲ್ಲಿಸುವ ಡ್ರೈ ರನ್ ಕಟಾಫ್ ಹಾಕಿಸಲೇಬೇಕು. ನೀರಲ್ಲಿ ಕರೆಂಟು ಇರುವುದರಿಂದ ಅರ್ಥಿಂಗ್ ಜೊತೆ ಕರೆಂಟು ಸೋರಿದರೆ ತಕ್ಷಣ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚೂ ಬೇಕು, ಇಲ್ಲಿ ದುಡ್ಡು ಉಳಿಸಬೇಡಿ. ನನಗೆ ಎಲ್ಲ ಸೇರಿ 15 ಸಾವಿರ ಆಯಿತು.

ನಿಮ್ಮಲ್ಲಿ ನೀರು ಮೇಲೇ ಇದ್ದು, ಮೋಟರಿಗೆ ನೆಲದ ಮೇಲೆ ಗಾಳಿಯಾಡುವ ಜಾಗ ಇದ್ದರೆ ಮೊನೊಬ್ಲಾಕೇ ಸಾಕು, ಸುಮ್ನೆ ಖರ್ಚು ಬೇಡ. ನನಗಂತೂ ಬೆಳಿಗ್ಗೆ ಐದಕ್ಕೆ ಸ್ವಿಚ್ ಒತ್ತಿ ಚಹಾಕ್ಕಿಡೋ ರೂಢಿ. ಮೆಟ್ಟಿಲಿಳಿದು ಮೋಟರ್ ಮುಟ್ಟಿ ನೋಡೋ ತಾಳ್ಮೆ ಇಲ್ಲ.

ಖಾಲಿ ಖೋಲಿಯಲ್ಲಿ ಸಣ್ಣ ಜನರೇಟರ್ ಇಡಿ ಅಂತ ಒಬ್ಬರು ಸಲಹೆ ಕೊಟ್ಟರು. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇರೋದಿಲ್ಲ, ಫ್ಯಾನ್ ಇದ್ದರೂ ಬೇಡ ಅಂದೆ. ಅವ್ವ ಉಳ್ಳಾಗಡ್ಡಿ ಚೀಲ ಇಡೋಣ ಅಂತಾಳೆ. ಮಳೆ ಮುಗಿಯೋವರೆಗೆ ತಡಿ ಅಂದಿದ್ದೇನೆ.