ರಾಯಚೂರಿನಲ್ಲಿ ಇತಿಹಾಸ ಕೋಚಿಂಗ್: ಅಕ್ಬರನ ಪಾಠಕ್ಕಾದರೂ ಇಲ್ಲಿ ಸೇರಿ

ರಾಯಚೂರಿನಲ್ಲಿ ಕೆಎಎಸ್‌ಗೆ ಓದುವವರು ಇತಿಹಾಸಕ್ಕೆ ಯಾವ ಕ್ಲಾಸ್ ಒಳ್ಳೇದು ಅಂತ ಕೇಳುತ್ತಲೇ ಇರುತ್ತಾರೆ. ಸ್ಟೇಷನ್ ರಸ್ತೆಯಲ್ಲಿ ಮಹಡಿ ಮೇಲೆ ಒಬ್ಬ ಮೇಡಂ ಸಂಜೆ ಪಾಠ ಹೇಳುತ್ತಾರೆ. ದೊಡ್ಡ ಬೋರ್ಡು, ಜಾಹೀರಾತು ಏನೂ ಇಲ್ಲ. ಕಣ್ಣು ಮುಚ್ಚಿ ಸೇರಿ. ಯಾಕೆ ಅಂತ ಅಕ್ಬರನ ಪಾಠ ಒಂದರಿಂದಲೇ ಹೇಳಬಹುದು.

1542ರಲ್ಲಿ ಅಮರಕೋಟದಲ್ಲಿ ಹುಟ್ಟಿದ, 1556ರಲ್ಲಿ ಹದಿಮೂರನೇ ವಯಸ್ಸಿಗೇ ಪಟ್ಟ, ಅದೇ ವರ್ಷ ಎರಡನೇ ಪಾಣಿಪತ್ ಯುದ್ಧ, 1605ರಲ್ಲಿ ತೀರಿಕೊಂಡ. ಇಷ್ಟು ಯಾವ ಗೈಡ್‌ನಲ್ಲಾದರೂ ಸಿಗುತ್ತದೆ, ಅಲ್ವಾ? ಮೇಡಂ ಇದನ್ನು ಬೇಗ ಮುಗಿಸಿ, "ಗೆದ್ದ ಮೇಲೆ ದಂಡಿಗೆ ಸಂಬಳ ಎಲ್ಲಿಂದ ಬರಬೇಕು ಹೇಳ್ರಿ" ಅಂತ ನೇರ ಕಂದಾಯಕ್ಕೆ ಬಂದರು.

ಮೇಜಿನ ಮೇಲೆ ಪುಂಡಿ ನಾರಿನ ಹಗ್ಗ ಇಟ್ಟಿದ್ದರು. ಅದನ್ನು ಅಳೆದು, ಬಕೆಟ್ ನೀರಲ್ಲಿ ಅದ್ದಿ, ಮತ್ತೆ ಅಳೆಯೋಕೆ ಮುಂದಿನ ಬೆಂಚಿನ ಹುಡುಗನ ಕೈಗೆ ಕೊಟ್ಟರು. ಹಗ್ಗ ಗಿಡ್ಡ ಆಗಿತ್ತು! ಗಿಡ್ಡ ಹಗ್ಗದಲ್ಲಿ ಅಳೆದರೆ ಅದೇ ಹೊಲ ಲೆಕ್ಕದಲ್ಲಿ ದೊಡ್ಡದಾಗುತ್ತದೆ, ರೈತನ ಮೇಲೆ ಕಂದಾಯ ಜಾಸ್ತಿ ಬೀಳುತ್ತದೆ. ಅದಕ್ಕೇ ಅಕ್ಬರ್ ಹಗ್ಗ ಬಿಡಿಸಿ, ಕಬ್ಬಿಣದ ಬಳೆ ಹಾಕಿ ಜೋಡಿಸಿದ ಬಿದಿರಿನ ಕೋಲುಗಳಿಂದ ಹೊಲ ಅಳೆಸಿದ. ಆಮೇಲೆ 1580ರಲ್ಲಿ ಬಂದ ದಹಸಾಲಾ ಪದ್ಧತಿ. ಮೊದಲು ಆಯಾ ವರ್ಷದ ಧಾರಣೆ ಆಸ್ಥಾನಕ್ಕೆ ಹೋಗಿ, ಒಪ್ಪಿಗೆಯಾಗಿ ಬರಬೇಕಿತ್ತು, ಅಷ್ಟರಲ್ಲಿ ಸುಗ್ಗಿಯೇ ಮುಗಿದಿರುತ್ತಿತ್ತು, ನಡುವಿನವರು ಬೇರೆ ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅಕ್ಬರನ ಕಂದಾಯ ಮಂತ್ರಿ ರಾಜಾ ತೋಡರಮಲ್ಲ ಹಿಂದಿನ 10 ವರ್ಷದ ಬೆಳೆ, ಧಾರಣೆ ಎರಡರ ಸರಾಸರಿ ತೆಗೆದು, ಸರ್ಕಾರದ ಪಾಲು ಮೂರರಲ್ಲಿ ಒಂದು ಅಂತ ಮಾಡಿ, ಅದನ್ನು ರೊಕ್ಕದಲ್ಲಿ ಗೊತ್ತುಮಾಡಿದ. ಪ್ರತಿ ವರ್ಷ ಬಿತ್ತುವ ಹೊಲ, ಒಂದಿಷ್ಟು ಕಾಲ ಬೀಳು ಬಿಟ್ಟ ಹೊಲ, ಮೂರು-ನಾಲ್ಕು ವರ್ಷ ಬೀಳು ಬಿದ್ದದ್ದು, ಐದು ವರ್ಷ ಮೀರಿದ ಬಂಜರು, ಹೀಗೆ ಭೂಮಿಗೂ ನಾಲ್ಕು ದರ್ಜೆ ಇದ್ದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸರಿಯಾಗಿ ಮುಟ್ಟದ ಕೊನೆ ಭಾಗದಿಂದ ಬಂದ ನಮಗೆ ಇದನ್ನು ಬಾಯಿಪಾಠ ಮಾಡೋ ಅಗತ್ಯವೇ ಬರಲಿಲ್ಲ. ಒಂದೇ ಊರಿನ ಎಲ್ಲ ಹೊಲಕ್ಕೂ ಒಂದೇ ಲೆಕ್ಕ ಹಾಕಿದರೆ ಯಾರು ಮುಳುಗುತ್ತಾರೆ ಅಂತ ನಮಗೆ ಗೊತ್ತು.

ಇನ್ನೊಂದು ಮಾತು. ಮೇಡಂ ಅಕ್ಬರನನ್ನು ಹೊಗಳೋಕೆ ಮಾತ್ರ ನಿಲ್ಲುವುದಿಲ್ಲ. 1564ರಲ್ಲಿ ಮುಸ್ಲಿಮರಲ್ಲದವರ ಮೇಲಿನ ಜಜಿಯಾ ತೆರಿಗೆ ತೆಗೆದದ್ದು, 1575ರಲ್ಲಿ ಫತೇಪುರ ಸಿಕ್ರಿಯಲ್ಲಿ ಇಬಾದತ್ ಖಾನಾ ಅನ್ನೋ ಪ್ರಾರ್ಥನಾ ಮಂದಿರ ಕಟ್ಟಿಸಿ ಮುಂದೆ ಬೇರೆ ಬೇರೆ ಧರ್ಮದವರನ್ನು ಕರೆಸಿ ಚರ್ಚೆ ಮಾಡಿಸಿದ್ದು ಹೇಳಿದರು. 1568ರಲ್ಲಿ ಚಿತ್ತೋರ್ ಕೋಟೆ ಬಿದ್ದಾಗ ಸಾವಿರಾರು ಜನರನ್ನು ಕೊಲ್ಲಿಸಿದ್ದನ್ನೂ ಅಷ್ಟೇ ಬಿಡಿಸಿ ಹೇಳಿದರು. ಉತ್ತರದಲ್ಲಿ ಎರಡೂ ಬರೀಬೇಕು ಅನ್ನುತ್ತಾರೆ. ನನಗೆ ಇದು ತುಂಬಾ ಹಿಡಿಸಿತು.

ಕೊರತೆ ಇರೋದು ದಖ್ಖನಿನ ಭಾಗದಲ್ಲಿ. ಅಲ್ಲಿ ಓಡಿಸಿಬಿಟ್ಟರು. 1595-96ರಲ್ಲಿ ಅಕ್ಬರನ ಮಗ ಮುರಾದ್ ಮುತ್ತಿಗೆ ಹಾಕಿದಾಗ ಅಹ್ಮದ್‌ನಗರದ ಕೋಟೆ ಉಳಿಸಿಕೊಂಡ ಚಾಂದ್ ಬೀಬಿ ಬಿಜಾಪುರದ ಒಂದನೇ ಅಲಿ ಆದಿಲ್ ಶಾನ ಹೆಂಡತಿ. 1580ರಲ್ಲಿ ಗಂಡ ಸತ್ತ ಮೇಲೆ ಪಟ್ಟಕ್ಕೆ ಬಂದ ಬಾಲಕ ಇಬ್ರಾಹಿಂನ ಪರವಾಗಿ ರಾಜ್ಯ ನೋಡಿಕೊಂಡವಳು. ಆಗ ನಮ್ಮ ರಾಯಚೂರು ಕೋಟೆಯೂ ಬಿಜಾಪುರದ ಕೈಯಲ್ಲೇ ಇತ್ತು. ಇಂಥ ಕಥೆಗೆ ನಮ್ಮೂರಿನ ಕ್ಲಾಸಿನಲ್ಲಿ ಒಂದು ಪೂರ್ತಿ ಸಂಜೆ ಕೊಡಲೇಬೇಕಿತ್ತು. ಜೆರಾಕ್ಸ್ ನೋಟ್ಸ್‌ನಲ್ಲಿ ನಕ್ಷೆಗಳೂ ಮಸುಕು, ಗಡಿ ಎಲ್ಲಿದೆ ಅಂತ ಕಾಣುವುದಿಲ್ಲ.

ಫೀಸು ಕಂತಿನಲ್ಲಿ ಕಟ್ಟಬಹುದು. ಸೇರುವ ಮೊದಲು ಒಂದು ಪಾಠ ಸುಮ್ನೆ ಕೂತು ಕೇಳೋಕೆ ಬಿಡುತ್ತಾರೆ, ಕಂದಾಯದ ಪಾಠ ಯಾವತ್ತು ಅಂತ ವಿಚಾರಿಸಿಕೊಂಡು ಅವತ್ತೇ ಹೋಗಿ. ಬೇಗ ಹೋದರೆ ಮುಂದಿನ ಬೆಂಚು ಸಿಗುತ್ತದೆ.