ಎತ್ತರದ ಗಡಿಗೆ ತುಕಡಿ: ಬೆಟ್ಟದಲ್ಲೇ ಒಗ್ಗಿಸುವುದೋ, ಬಯಲಿನ ಕೋಣೆಯಲ್ಲೋ?

ಲೇಹ್‌ನಲ್ಲಿ ವಿಮಾನ ಇಳಿದ ದಿನ ಬೂಟಿನ ಲೇಸ್ ಕಟ್ಟಲು ಬಗ್ಗಿದರೂ ಏದುಸಿರು ಬರಬಹುದು. ಸುಮಾರು 11,500 ಅಡಿ ಎತ್ತರ. ಎಂಥ ಗಟ್ಟಿಮುಟ್ಟಾದ ಯೋಧನಿಗೂ ವಿನಾಯಿತಿ ಇಲ್ಲ.

ಯೋಧರ ದೇಹವನ್ನು ಈ ತೆಳುಗಾಳಿಗೆ ಒಗ್ಗಿಸಲು ಭಾರತೀಯ ಸೇನೆಯದು ಹಂತಹಂತದ ದಾರಿ. 9,000ರಿಂದ 12,000 ಅಡಿಯಲ್ಲಿ 6 ದಿನ, 15,000ದವರೆಗೆ 4 ದಿನ, ಅದರಾಚೆ ಮತ್ತೆ 4 ದಿನ. ಮೊದಲೆರಡು ದಿನ ವಿಶ್ರಾಂತಿಯೇ ಕೆಲಸ. ಆಮೇಲೆ ನಿಧಾನ ನಡಿಗೆ, ನಂತರ ಸಣ್ಣ ಏರು. ಎರಡು ವಾರ ಹಿಡಿಯುತ್ತದೆ, ನಿಜ. ಆದರೆ ಚಳಿ, ಗಾಳಿ, ಬೆನ್ನಿನ ಹೊರೆ, ನಿದ್ದೆಗೇಡು ಎಲ್ಲವನ್ನೂ ದೇಹ ಒಟ್ಟಿಗೇ ಕಲಿಯುತ್ತದೆ. ಯಾರ ತಲೆನೋವು ಇಳಿದಿಲ್ಲ, ಯಾರು ತಟ್ಟೆಯಲ್ಲಿ ಅನ್ನ ಬಿಟ್ಟರು ಎಂಬುದೂ ನಾಯಕನ ಕಣ್ಣಿಗೆ ಬೀಳುತ್ತದೆ.

ಬಯಲಲ್ಲಿ ಆಮ್ಲಜನಕ ತಗ್ಗಿಸಿದ ಕೋಣೆ ಉಸಿರಾಟವನ್ನು ಮೊದಲೇ ಪಳಗಿಸುತ್ತದೆ, ಅಷ್ಟೇ. ಬೆಟ್ಟ ಹತ್ತಲು ತಡವಾದರೆ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ.

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯ ಮಾತು ವೈದ್ಯರಿಗೆ ಬಿಡಿ.

ನನ್ನನ್ನು ಕೇಳಿದರೆ, ಸಮಯವಿದ್ದಾಗ ಬೆಟ್ಟವೇ ಸರಿ. ತುರ್ತಾಗಿ ಹೊರಡಬೇಕಾದ ತುಕಡಿಗೆ ಕೋಣೆಯನ್ನೂ ಸೇರಿಸಿಕೊಳ್ಳಿ. ಆದರೆ ಅದನ್ನು ತೋರಿಸಿ ಲೇಹ್‌ನ ಆ ಮೊದಲ ಎರಡು ದಿನಗಳ ವಿಶ್ರಾಂತಿಗೆ ಮಾತ್ರ ಕತ್ತರಿ ಹಾಕಬೇಡಿ.